ರೈಲು, ಫಾರ್ಮು, ಮೊಬೈಲು

2009ರವರೆಗೆ ಡೊಂಬಿವಲಿಯ ಮನೆಗಳಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ಅಪ್ಪನೋ ಅಮ್ಮನೋ ಕೆಲಸಕ್ಕೆ ರಜೆ ಹಾಕಲೇಬೇಕಿತ್ತು. ಒಂದೊಂದು ಕಾಲೇಜಿಗೂ ಬೇರೆ ಬೇರೆ ಫಾರ್ಮು. ಊರೊಳಗಿನ ಪೆಂಢರ್ಕರ್ ಕಾಲೇಜಿನ ಸಾಲು ಮುಗಿಸಿ ಕಲ್ಯಾಣದ ಬಿರ್ಲಾ ಕಾಲೇಜಿಗೆ ಹೋಗಬೇಕು, ಅಲ್ಲಿಂದ ಠಾಣೆಯ ಬಾಂದೋಡ್ಕರ್‌ಗೆ. ಅಂಕ ಜೋರಾಗಿದ್ದರೆ ಮಾಟುಂಗದ ರುಯಿಯಾವರೆಗೂ ಒಂದು ಸುತ್ತು. ಗೋಡೆಗೆ ಅಂಟಿಸಿದ ಮೆರಿಟ್ ಲಿಸ್ಟ್ ನೋಡಲು ಇನ್ನೊಂದು ಸುತ್ತು. 2009ರಲ್ಲಿ ಮುಂಬಯಿ ಮಹಾನಗರ ಪ್ರದೇಶದಲ್ಲಿ ಹನ್ನೊಂದನೇ ತರಗತಿಯ ಪ್ರವೇಶವನ್ನು ಆನ್‌ಲೈನ್ ಮಾಡಿದರು. 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಅದೇ ಪದ್ಧತಿ.

ಈಗ ಎರಡು ಭಾಗಗಳ ಒಂದೇ ಫಾರ್ಮು. ಮೊದಲ ಭಾಗದಲ್ಲಿ ಹೆಸರು, ಅಂಕ, ಮೀಸಲಾತಿಯ ವಿವರ. ಎರಡನೆಯದರಲ್ಲಿ ಬೇಕಾದ ಕಾಲೇಜುಗಳ ಪಟ್ಟಿ, ಕಡಿಮೆಯೆಂದರೆ ಒಂದು, ಹೆಚ್ಚೆಂದರೆ ಹತ್ತು. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ಅಂಕಕ್ಕೆ ಸೀಟು ಸಿಗುವ ಮೊದಲ ಹೆಸರಿನಲ್ಲಿ ನಿಲ್ಲುತ್ತದೆ. ಇಷ್ಟೇ ಕೆಲಸ. ಆದರೆ ಒಂದು ನಿಯಮವನ್ನು ಬಹಳ ಮಂದಿ ಗಮನಿಸುವುದಿಲ್ಲ: ಪಟ್ಟಿಯ ಒಂದನೇ ಹೆಸರಿನ ಕಾಲೇಜೇ ಸಿಕ್ಕಿದರೆ ಅಲ್ಲಿ ಸೇರಲೇಬೇಕು, ಬೇಡವೆಂದವರಿಗೆ ಮುಂದಿನ ಸುತ್ತುಗಳ ಬಾಗಿಲು ಮುಚ್ಚುತ್ತದೆ. ‘ಸುಲಭವಾಗಿ ಸಿಗುವುದನ್ನು ಮೊದಲು ಬರೆದುಬಿಡೋಣ’ ಎಂದು ಕಟಾಫ್ ಕಡಿಮೆಯಿರುವ ಕಾಲೇಜನ್ನು ಮೇಲೆ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ಕೆಳಗೆ ಬರೆದ ಒಳ್ಳೆಯ ಕಾಲೇಜನ್ನು ಯಂತ್ರ ನೋಡುವುದೇ ಇಲ್ಲ. ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯುವುದು ಸರಿಯಾದ ದಾರಿ. ಜೊತೆಗೆ ಕೊನೆಯ ಎರಡು ಮೂರು ಸ್ಥಾನಗಳಲ್ಲಿ ಖಂಡಿತ ಸಿಗುವಂಥವಿರಲಿ, ಹತ್ತೂ ಕನಸಿನ ಕಾಲೇಜುಗಳಾದರೆ ಕೈಗೆ ಒಂದೂ ಬಾರದು. ಇನ್ನೊಂದು ಲೆಕ್ಕ ಯಾವ ಪೋರ್ಟಲ್‌ನಲ್ಲೂ ಇಲ್ಲ: ಬೆಳಗ್ಗೆ ಏಳಕ್ಕೆ ತರಗತಿ ಶುರುವಾಗುವ ಕಾಲೇಜಿಗೆ ಕಲ್ಯಾಣದ ಹುಡುಗಿ ಎಷ್ಟು ಗಂಟೆಯ ಗಾಡಿ ಹಿಡಿಯಬೇಕು? ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54 ಕಿಲೋಮೀಟರ್. ಕಟಾಫ್ ಪಟ್ಟಿಯ ಪಕ್ಕದಲ್ಲಿ ರೈಲಿನ ವೇಳಾಪಟ್ಟಿಯನ್ನೂ ತೆರೆದಿಟ್ಟುಕೊಂಡು ಫಾರ್ಮು ತುಂಬುವ ಮನೆಗಳು ಜಾಣ ಮನೆಗಳು.

ವೇಳಾಪಟ್ಟಿ ಎಂದೆನಲ್ಲ, ಈ ಭಾಗದ ವಿದ್ಯಾರ್ಥಿಗಳ ದಿನಚರಿಯನ್ನು ನಿಜಕ್ಕೂ ಹಗುರ ಮಾಡಿದ ತಂತ್ರಜ್ಞಾನ ಯಾವುದೆಂದು ಕೇಳಿದರೆ ನಾನು ಯಾವ ಶಿಕ್ಷಣ ಆ್ಯಪ್‌ನ ಹೆಸರನ್ನೂ ಹೇಳುವುದಿಲ್ಲ. ಸಚಿನ್ ಟೇಕೆ 2010ರಲ್ಲಿ ಹೊರತಂದ ಎಂ-ಇಂಡಿಕೇಟರ್ ಎನ್ನುತ್ತೇನೆ. ಇಂಟರ್ನೆಟ್ ಇಲ್ಲದೆಯೂ ವೇಳಾಪಟ್ಟಿ ತೋರಿಸುತ್ತಿದ್ದ ಆ್ಯಪ್ ಅದು, ಡೇಟಾ ದುಬಾರಿಯಾಗಿದ್ದ ಕಾಲದಲ್ಲಿ ಅದೇ ದೊಡ್ಡ ಗುಣ. ಮುಂದೆ ಅದರಲ್ಲಿ ಪ್ರಯಾಣಿಕರೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಚಾಟ್ ಸೇರಿತು. ಬದ್ಲಾಪುರ ಫಾಸ್ಟ್ ಎಲ್ಲಿ ನಿಂತಿದೆ, ಯಾವ ಗಾಡಿ ರದ್ದಾಗಿದೆ ಎಂಬುದು ಪರೀಕ್ಷೆಯ ದಿನ ಪ್ಲಾಟ್‌ಫಾರ್ಮಿನ ಘೋಷಣೆಗೂ ಮೊದಲೇ ಮೊಬೈಲಿಗೆ ಬಂದಿರುತ್ತದೆ. 2004ರಲ್ಲಿ ಠಾಣೆಯಿಂದ ವಾಶಿ ಕಡೆಗೆ ಟ್ರಾನ್ಸ್-ಹಾರ್ಬರ್ ರೈಲು ಶುರುವಾದದ್ದನ್ನೂ ಇಲ್ಲೇ ನೆನೆಯಬೇಕು. ಕಲ್ಯಾಣ-ಡೊಂಬಿವಲಿಯ ಮಕ್ಕಳಿಗೆ ನೆರೂಳಿನ, ವಾಶಿಯ ಇಂಜಿನಿಯರಿಂಗ್ ಕಾಲೇಜುಗಳು ಹತ್ತಿರವಾದದ್ದು ಕಂಪ್ಯೂಟರಿನಿಂದಲ್ಲ, ಹಳಿಯಿಂದ.

ಇನ್ನು ಕಾಗದಪತ್ರ. ಕನ್ನಡದ ಮನೆಗಳಿಗೆ ಇದರಲ್ಲಿ ಒಂದು ವಿಶೇಷ ತಲೆನೋವಿದೆ. ಮಹಾರಾಷ್ಟ್ರದ ಫಾರ್ಮು ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು ಕೇಳುತ್ತದೆ. ನಮ್ಮಲ್ಲಿ ‘ಸುಮಾ ಆರ್.’ ಎಂದಷ್ಟೇ ಬರೆಸಿಕೊಂಡ ಮಗುವಿಗೆ ಅಡ್ಡಹೆಸರು ಎಲ್ಲಿಂದ ತರುವುದು? ಶಾಲೆಯ ಗುಮಾಸ್ತರು ‘ಆರ್’ ಎಂಬುದನ್ನೇ ಅಡ್ಡಹೆಸರು ಮಾಡುತ್ತಾರೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಕೂತಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದೊಂದು ರೂಪ. ಹಿಂದೆ ಕೌಂಟರಿನಾಚೆಗಿನ ಗುಮಾಸ್ತರು ಮಗುವಿನ ಮುಖ ನೋಡಿ ‘ಇರಲಿ ಬಿಡಿ’ ಎನ್ನುತ್ತಿದ್ದರು. ಸಾಫ್ಟ್‌ವೇರಿಗೆ ಆ ದಾಕ್ಷಿಣ್ಯವಿಲ್ಲ. ವಿದ್ಯಾರ್ಥಿವೇತನದ ಮಹಾಡಿಬಿಟಿ ಪೋರ್ಟಲ್ ಇರಲಿ, ಪದವಿಯ ಕ್ರೆಡಿಟ್‌ಗಳನ್ನು ಕೂಡಿಡಲು ಡಿಜಿಲಾಕರ್ ಮೂಲಕ ತೆರೆಯುವ ಕ್ರೆಡಿಟ್ ಬ್ಯಾಂಕಿನ ಖಾತೆ ಇರಲಿ, ಆಧಾರ್ ಜೊತೆ ಹೆಸರು ಹೊಂದಬೇಕು. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಶಾಲೆಯ ರಿಜಿಸ್ಟರನ್ನೂ ಆಧಾರನ್ನೂ ಒಂದೇ ರೂಪಕ್ಕೆ ತಂದಿಟ್ಟುಕೊಂಡರೆ ಮುಂದಿನ ಅರ್ಧ ಓಡಾಟ ಉಳಿಯುತ್ತದೆ. ಲೀವಿಂಗ್ ಸರ್ಟಿಫಿಕೇಟಿನ ‘ಮಾತೃಭಾಷೆ’ ಕಾಲಮನ್ನೂ ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಕನ್ನಡ ಅಲ್ಪಸಂಖ್ಯಾತ ಸಂಸ್ಥೆಯ ಕೋಟಾದಲ್ಲಿ ಸೀಟು ಕೇಳುವಾಗ ಆ ಒಂದು ಸಾಲು ಪುರಾವೆಯಾಗುತ್ತದೆ.

ಪೋರ್ಟಲ್ ಎಷ್ಟೇ ಚುರುಕಾಗಿದ್ದರೂ ಕಾನೂನಿನ ತಾರೀಖನ್ನು ಅಲುಗಿಸಲಾರದು. ಆದಾಯ, ಡೊಮಿಸೈಲ್, ಜಾತಿ ಪ್ರಮಾಣಪತ್ರಗಳಿಗೆ ‘ಆಪಲೆ ಸರ್ಕಾರ್’ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು, ನಿಜ. ಆದರೆ ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಪಡೆದು ಇಲ್ಲಿನ ಮೀಸಲಾತಿ ಬಳಸಬೇಕಾದರೆ ಕುಟುಂಬ ಇಂಥ ತಾರೀಖಿಗೆ ಮೊದಲೇ ಇಲ್ಲಿ ನೆಲೆಸಿತ್ತು ಎಂದು ತೋರಿಸಬೇಕು: ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ಎಪ್ಪತ್ತರ ದಶಕದಲ್ಲಿ ಉಡುಪಿ, ಕಾರ್ಕಳದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರ ಮೊಮ್ಮಕ್ಕಳು ಠಾಣೆಯಲ್ಲೇ ಹುಟ್ಟಿ ಬೆಳೆದಿದ್ದರೂ ಈ ಗೆರೆಯ ಆಚೆಗೇ ಉಳಿಯುತ್ತಾರೆ. 2024ರ ಜುಲೈಯಲ್ಲಿ ರಾಜ್ಯ ಸರ್ಕಾರ, ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿನ ಆದಾಯದ ಒಬಿಸಿ, ಎಸ್‌ಇಬಿಸಿ, ಇಡಬ್ಲ್ಯೂಎಸ್ ಕುಟುಂಬಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಪೂರ್ತಿ ಮನ್ನಾ ಮಾಡಿತು. ಅದರ ಒಬಿಸಿ ಲಾಭಕ್ಕೂ ಅದೇ ಪ್ರಮಾಣಪತ್ರ ಬೇಕು. ಹೀಗಾಗಿ ಅರ್ಜಿಯ ಗುಂಡಿ ಒತ್ತುವ ಮೊದಲು ಅಜ್ಜನ ಹಳೆಯ ರೇಷನ್ ಕಾರ್ಡು, ಚಾಳಿನ ಬಾಡಿಗೆ ರಸೀದಿ ಟ್ರಂಕಿನಲ್ಲಿವೆಯೇ ಎಂದು ಹುಡುಕುವುದು ಮೊದಲ ಕೆಲಸ.

ಯಂತ್ರವನ್ನು ಅವಸರದಲ್ಲಿ ತಂದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿಯದೇ ಉದಾಹರಣೆ ಇದೆ. ಠಾಣೆ ಜಿಲ್ಲೆಯ ಕಾಲೇಜುಗಳು ಸೇರಿರುವ ಮುಂಬಯಿ ವಿಶ್ವವಿದ್ಯಾಲಯ 2017ರಲ್ಲಿ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿಯನ್ನು ಒಮ್ಮೆಲೇ ಎಲ್ಲ ವಿಭಾಗಗಳಿಗೂ ತಂದಿತು. ಯೋಚನೆ ಕೆಟ್ಟದ್ದೇನಲ್ಲ: ಕೂಡಿಸುವ ತಪ್ಪು ಇರದು, ಪತ್ರಿಕೆ ಕಳೆಯದು, ಮರುಮೌಲ್ಯಮಾಪನ ಸುಲಭ. ಆದರೆ 17 ಲಕ್ಷಕ್ಕೂ ಹೆಚ್ಚು ಪತ್ರಿಕೆಗಳು. ಅಧ್ಯಾಪಕರಿಗೆ ಸಾಕಷ್ಟು ತರಬೇತಿಯಿಲ್ಲ, ಪೂರ್ವಪ್ರಯೋಗವಿಲ್ಲ. ಜುಲೈ 31ರೊಳಗೆ ಫಲಿತಾಂಶ ಕೊಡಿ ಎಂದು ರಾಜ್ಯಪಾಲರು ಹೇಳಿದ್ದೂ ಆಗಲಿಲ್ಲ, ತಿಂಗಳುಗಟ್ಟಲೆ ತಡವಾಯಿತು. ಹೊರರಾಜ್ಯ, ಹೊರದೇಶಗಳಲ್ಲಿ ಮುಂದೆ ಓದಬೇಕಿದ್ದವರು ಅಂಕಪಟ್ಟಿ ಇಲ್ಲದೆ ಪರದಾಡಿದರು. ಅಕ್ಟೋಬರಿನಲ್ಲಿ ಕುಲಪತಿಯನ್ನೇ ಹುದ್ದೆಯಿಂದ ತೆಗೆದುಹಾಕಲಾಯಿತು. ಒಂದು ವಿಭಾಗದಲ್ಲಿ ಒಂದು ಸೆಮಿಸ್ಟರ್ ಮಾಡಿ ನೋಡಿದ್ದರೆ ಸಾಕಿತ್ತೆಂದು ನನ್ನ ಅಭಿಪ್ರಾಯ. ಹಾಗೆಂದು ಯಂತ್ರವೇ ಬೇಡವೆಂದಲ್ಲ: 2020ರ ಅಕ್ಟೋಬರಿನಲ್ಲಿ ಕೋವಿಡ್‌ನಿಂದಾಗಿ ಲೋಕಲ್ ರೈಲು ಅಗತ್ಯ ಸೇವೆಯವರಿಗಷ್ಟೇ ಓಡುತ್ತಿದ್ದಾಗ ಕೊನೆಯ ವರ್ಷದ ಪರೀಕ್ಷೆಗಳು ಆನ್‌ಲೈನ್‌ನಲ್ಲೇ ನಡೆದವು. ಅದಿಲ್ಲದಿದ್ದರೆ ಕಲ್ಯಾಣದವರು ಪರೀಕ್ಷೆ ಬರೆಯುವುದು ಕಷ್ಟವೇ ಇತ್ತು.

ದುಡಿಯುತ್ತಲೇ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಮಾಣಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ವಿದ್ಯಾರ್ಥಿ, ಹೀಗೆ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ ಸೇರಿದವರ ಒಂದು ತಲೆಮಾರೇ ಇದೆ. ಆ ಶಾಲೆಗಳ ಗುಟ್ಟು ಎರಡು: ಕೆಲಸದ ಜಾಗಕ್ಕೆ ಹತ್ತಿರ, ಕೆಲಸ ಮುಗಿದ ಮೇಲಿನ ಹೊತ್ತು. 1971ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ದೂರಶಿಕ್ಷಣ ಆರಂಭಿಸಿದ ಮೇಲೆ ಅಂಥವರಿಗೆ ಅಂಚೆಯಲ್ಲಿ ಪದವಿಯ ಪಾಠ ಬಂತು. ಈಗ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬ್‌ನಲ್ಲೇ ಇವೆ, ಹಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತವರು ಪದವಿಯ ಮೊದಲ ವರ್ಷ ಇಂಗ್ಲಿಷಿಗೆ ಹೆದರಿ ಹಿಂದೆ ಬೀಳುವ ಕಡೆ ಇದು ಕೈಹಿಡಿಯುತ್ತದೆ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಶಾಲಾ ಮಕ್ಕಳಿಗೆ ಒದಗುವಂತೆ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕ್ರೆಡಿಟ್‌ಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಇಂಥ ಕೋರ್ಸುಗಳಿಂದ ಪಡೆಯಬಹುದು. ಆದರೆ ಕಾಲೇಜು ಒಪ್ಪಬೇಕು, ಸೇರುವ ಮೊದಲೇ ಅಲ್ಲಿ ಕೇಳಿಕೊಳ್ಳಬೇಕು.

ಒಂದು ಕೋಣೆಯ ಮನೆಯಲ್ಲಿ ಟಿವಿ, ತಮ್ಮ, ಕುಕ್ಕರ್ ಸೀಟಿಯ ನಡುವೆ ಆ ವಿಡಿಯೋ ನೋಡುವುದು ಹೇಗೆಂಬುದು ಬೇರೆ ಪ್ರಶ್ನೆ. ಈ ಊರುಗಳ ‘ಅಭ್ಯಾಸಿಕಾ’ಗಳು, ಅಂದರೆ ಓದುವ ಕೋಣೆಗಳು, ಅದಕ್ಕೇ ತುಂಬಿರುತ್ತವೆ. ಡೌನ್‌ಲೋಡ್ ಮಾಡಿಕೊಂಡು ರೈಲಿನಲ್ಲಿ ಕೇಳುವವರೂ ಇದ್ದಾರೆ, ಕೂರಲು ಸೀಟು ಸಿಕ್ಕ ದಿನ. ಪಾಠಕ್ಕೆ ದುಡ್ಡಿಲ್ಲ. ಎನ್‌ಪಿಟಿಇಎಲ್ ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅದು ಸಾಮಾನ್ಯವಾಗಿ ವಾರಾಂತ್ಯದಲ್ಲಿ. ಭಾನುವಾರವೇ ಬಂದರೆ ಹಿಂದಿನ ರಾತ್ರಿ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವುದು, ಎಲ್ಲಿಂದ ಎಲ್ಲಿಗೆ ಎಂದು ನೋಡಿಕೊಂಡು ಮಲಗುವುದು ಒಳ್ಳೆಯದು.