ತೋಟದ ಅಲಂಕಾರ: ಆಕಾರಕ್ಕಿಂತ ಮೊದಲು ವಸ್ತು

ಮನೆಯ ಮುಂದಿನ ಹುಲ್ಲುಹಾಸಿಗೋ ಕೈತೋಟಕ್ಕೋ ಅಲಂಕಾರದ ವಸ್ತು ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ಆಕಾರವನ್ನು. ಜಿಂಕೆಯೋ ಕೊಕ್ಕರೆಯೋ, ಬುದ್ಧನ ಮುಖವೋ ಬಣ್ಣದ ಅಣಬೆಯೋ ಎಂಬುದೇ ಚರ್ಚೆ. ಅಂಗಡಿಯ ಚಪ್ಪರದಡಿ ಎಲ್ಲವೂ ಚೆಂದವಾಗಿಯೇ ಕಾಣುತ್ತವೆ. ಆದರೆ ತೋಟಕ್ಕೆ ಬಂದ ವಸ್ತುವಿಗೆ ಮಾಡಿನ ಆಸರೆ ಇಲ್ಲ. ಏಪ್ರಿಲ್ ಬಿಸಿಲು, ಜುಲೈ ಮಳೆ, ಗಿಡಕ್ಕೆ ಹಾಯಿಸುವ ನೀರು, ಬುಡದಿಂದ ಏರುವ ತೇವ ಎಲ್ಲವನ್ನೂ ಅದು ವರ್ಷವಿಡೀ ತಾಳಿಕೊಳ್ಳಬೇಕು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಯಾವುದರಿಂದ ಮಾಡಿದ್ದು, ಹತ್ತು ಮಳೆಗಾಲ ಕಳೆದ ಮೇಲೆ ಹೇಗಿರುತ್ತದೆ’ ಎಂಬುದು. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ವಸ್ತುಗಳು ನಮ್ಮ ನೆಲದಲ್ಲೇ ಇವೆ: ಕಲ್ಲು ಮತ್ತು ಸುಟ್ಟ ಮಣ್ಣು.

ಸಿಮೆಂಟಿನ ಜಿಂಕೆಯೊಂದರ ಕಾಲನ್ನು ಹತ್ತಿರದಿಂದ ನೋಡಿ. ಅಷ್ಟು ಸಪೂರ ಕಾಲು ನಿಲ್ಲಲೆಂದು ಒಳಗೆ ಕಬ್ಬಿಣದ ಕಂಬಿ ಇಟ್ಟಿರುತ್ತಾರೆ. ಅದರ ಮೇಲೆ ಬೆರಳಗಲದಷ್ಟೂ ಸಿಮೆಂಟು ಇರುವುದಿಲ್ಲ. ಸಣ್ಣ ರಂಧ್ರಗಳ ಮೂಲಕ ನೀರು ಒಳಗಿಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸಿಮೆಂಟನ್ನು ಒಳಗಿನಿಂದಲೇ ಒತ್ತುತ್ತದೆ. ಮೊದಲು ಮೊಣಕಾಲಿನ ಬಳಿ ಕೂದಲೆಳೆಯಂಥ ಬಿರುಕು, ಆಮೇಲೆ ಅದರಿಂದ ಇಳಿಯುವ ಕಂದು ಗೆರೆ, ಕೊನೆಗೆ ಹಕ್ಕಳೆ ಎದ್ದು ಬೀಳುವ ಸಿಮೆಂಟು. ಮೇಲೆ ಬಣ್ಣ ಹೊಡೆದರೆ ಬಿರುಕು ಕಾಣದೆ ಹೋಗುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ. ಫೈಬರ್ ಬೊಂಬೆಗೆ ಈ ಕಾಟವಿಲ್ಲ, ಆದರೆ ಬಿಸಿಲಿನ ನೇರಳಾತೀತ ಕಿರಣಗಳು ಅದರ ಮೇಲ್ಪದರವನ್ನು ತಿನ್ನುತ್ತವೆ. ಬಣ್ಣ ಮಾಸಿ, ಮುಟ್ಟಿದ ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ಎರಡೂ ತಂದ ದಿನವೇ ಅತ್ಯಂತ ಚೆಂದ. ಅಲ್ಲಿಂದಾಚೆಗೆ ಅವುಗಳದ್ದು ಇಳಿಮುಖ.

ಕಲ್ಲಿನ ದಾರಿ ಬೇರೆ. ಮಳೆ ಬಿದ್ದು ಪಾಚಿ ಹಿಡಿದರೆ ಅದರ ಅಂದ ಹೆಚ್ಚುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಶಿಲ್ಪಿಗಳ ಮನೆಗಳಿವೆ, ಉಳಿಯ ಸದ್ದು ಇದೆ. ಯಾವ ಕಲ್ಲು ಎಂಬುದನ್ನು ಜಾಗ ನೋಡಿ ನಿರ್ಧರಿಸಬೇಕು. ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಸೂಕ್ಷ್ಮ ಕೆತ್ತನೆಗೆ ಅದು ಹೇಳಿ ಮಾಡಿಸಿದ್ದು. ಆದರೂ ಅದು ಮೆದು ಜಾತಿಯ ಕಲ್ಲಾದ್ದರಿಂದ ಜಗಲಿಯ ಅಂಚಿನಂಥ ಮರೆಯಿರುವ ಜಾಗದಲ್ಲಿ ಇಡಬೇಕು. ಬಟ್ಟಬಯಲಿನ ಹುಲ್ಲುಹಾಸಿನ ನಡುವೆ ನಿಲ್ಲುವ ದೀಪಸ್ತಂಭಕ್ಕೋ ಆಸನಕ್ಕೋ ಗ್ರಾನೈಟ್ ಆಗಬೇಕು. ಇನ್ನು ಸುಟ್ಟ ಮಣ್ಣಿನ ಬಗ್ಗೆ ಒಂದು ತಪ್ಪು ಭಯವಿದೆ. ಹೊರದೇಶದ ತೋಟಗಾರಿಕೆ ಪುಸ್ತಕಗಳು ಮಣ್ಣಿನ ಕುಂಡ ಚಳಿಗಾಲದಲ್ಲಿ ಒಡೆಯುತ್ತದೆ ಎಂದು ಎಚ್ಚರಿಸುತ್ತವೆ. ಅಲ್ಲಿ ರಂಧ್ರಗಳಲ್ಲಿನ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಅದು ನಿಜ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ನಾವು ನೋಡಬೇಕಾದುದು ಸುಟ್ಟದ್ದು ಸಾಕೇ ಎಂಬುದನ್ನು ಮಾತ್ರ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು; ಬೊದ್ದು ಸದ್ದು ಬಂದರೆ ಅರೆಸುಟ್ಟದ್ದು ಅಥವಾ ಬಿರುಕು ಬಿಟ್ಟದ್ದು.

ಅಭಿರುಚಿ ಅವರವರದು, ಆಕಾರದ ಬಗ್ಗೆ ಅಪ್ಪಣೆ ಕೊಡಲು ನೀವು ಯಾರು ಎಂದು ಯಾರಾದರೂ ಕೇಳಬಹುದು. ನನ್ನ ತಕರಾರು ಆಕಾರದ ಮೇಲಲ್ಲ. ಇಂಗ್ಲೆಂಡಿನಲ್ಲಿ ಸರ್ ಚಾರ್ಲ್ಸ್ ಇಶಾಮ್ ಎಂಬಾತ 1847ರಲ್ಲಿ ಜರ್ಮನಿಯಿಂದ ಸುಟ್ಟ ಮಣ್ಣಿನ ಕುಳ್ಳರ ಬೊಂಬೆಗಳನ್ನು ತರಿಸಿ ತನ್ನ ತೋಟದಲ್ಲಿಟ್ಟ. ಅದೇ ಕುಳ್ಳ ಬೊಂಬೆಗಳನ್ನು ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನ ಬಹುಕಾಲ ನಿಷೇಧಿಸಿ, 2013ರ ಶತಮಾನೋತ್ಸವದ ವರ್ಷಕ್ಕೆ ಒಳಗೆ ಬಿಟ್ಟುಕೊಂಡಿತು. ಆಕಾರದ ಜಗಳ ಹೀಗೆ ಮುಗಿಯುವಂಥದ್ದಲ್ಲ. ವಸ್ತುವಿನ ಪ್ರಶ್ನೆಗಾದರೆ ಉತ್ತರವಿದೆ. ಭಾರದ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ, ತಾರಸಿ ತೋಟಕ್ಕೆ ಅದು ಸಲ್ಲದು. ಅಲ್ಲಿ ಟೊಳ್ಳಾದ ಮಣ್ಣಿನ ಹೂಜಿ, ಕುದುರೆ, ಗೂಡುದೀಪಗಳೇ ಸರಿ.

ಕಲ್ಲು ದುಬಾರಿ ಎನ್ನುವವರಿಗೆ ಹೇಳುವುದಿಷ್ಟು: ಕೆತ್ತಿಸಲೇಬೇಕೆಂದಿಲ್ಲ. ಮಿಕ್ಸಿ ಬಂದ ಮೇಲೆ ಹಿತ್ತಿಲು ಸೇರಿದ ಒರಳುಕಲ್ಲು ಎಷ್ಟೋ ಮನೆಗಳಲ್ಲಿದೆ. ಪೇರಲೆಯದೋ ದಾಸವಾಳದ್ದೋ ನೆರಳಲ್ಲಿ ಅದನ್ನು ಅರ್ಧ ನೆಲಕ್ಕೆ ಹುಗಿದಿಟ್ಟರೆ ಹಕ್ಕಿಗಳಿಗೆ ನೀರಿನ ಬಟ್ಟಲಾಗುತ್ತದೆ. ಗುಳಿ ಆಳವಾಗಿದ್ದು ಗೋಡೆ ನುಣುಪಾಗಿರುವುದರಿಂದ ಒಳಗೆ ಬೆಣಚುಕಲ್ಲು ತುಂಬಿ, ನೀರು ಎರಡು ಬೆರಳಿಗಿಂತ ಆಳ ನಿಲ್ಲದಂತೆ ನೋಡಿಕೊಳ್ಳಬೇಕು. ಇದರಿಂದ ಡೆಂಗಿ ಸೊಳ್ಳೆ ಬೆಳೆಯುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಮೊಟ್ಟೆಗಳು ನೀರಿನ ಅಂಚಿಗಿಂತ ಮೇಲೆ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು. ವಾರಕ್ಕೆರಡು ಸಲ ಕಲ್ಲುಗಳನ್ನು ತೆಗೆದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಅಷ್ಟು ಪುರಸೊತ್ತಿಲ್ಲದವರು ಒರಳಿನಲ್ಲಿ ಮಣ್ಣು ತುಂಬಿ ಒಂದು ಗಿಡ ನೆಡಲಿ.

ಒಂದು ಬಗೆಯ ಕಲ್ಲನ್ನು ಮಾತ್ರ ತೋಟಕ್ಕೆ ತರಲೇಬಾರದು: ಹಳೆಯ ವೀರಗಲ್ಲು, ಮಾಸ್ತಿಗಲ್ಲು, ನಾಗರಕಲ್ಲು. ನೂರು ವರ್ಷ ಮೀರಿದ ಶಿಲ್ಪಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಕಾಯ್ದೆಗಿಂತ ದೊಡ್ಡ ಕಾರಣವೂ ಇದೆ. ವೀರಗಲ್ಲು ಯಾವ ಊರಿನ ಕೆರೆ ಏರಿಯ ಮೇಲೆ, ಯಾವ ಗಡಿಯಲ್ಲಿ ನಿಂತಿತ್ತು ಎಂಬುದೇ ಅರ್ಧ ಚರಿತ್ರೆ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಇರುವುದರಿಂದಲೇ ಆ ಊರ ಹೆಸರು ಎಷ್ಟು ಹಳೆಯದೆಂದು ನಮಗೆ ತಿಳಿದದ್ದು. ಆ ಕಲ್ಲನ್ನು ಯಾರೋ ತಮ್ಮ ಹುಲ್ಲುಹಾಸಿನ ಅಂದಕ್ಕೆ ಹೊತ್ತೊಯ್ದಿದ್ದರೆ? ಹೊಲದ ಬದುವಿನಲ್ಲಿ ಬಿದ್ದು ಹಾಳಾಗುವುದಕ್ಕಿಂತ ನಮ್ಮಲ್ಲಿ ಭದ್ರವಾಗಿರುತ್ತದಲ್ಲ ಎಂಬ ಮಾತು ಕೇಳಲು ಸರಿ ಎನಿಸುತ್ತದೆ. ಆದರೆ ಭದ್ರವಾಗುವುದು ಕಲ್ಲು ಮಾತ್ರ, ಅದು ಹೇಳುತ್ತಿದ್ದ ಸಂಗತಿ ಅಳಿಸಿಹೋಗುತ್ತದೆ. ಅಂಥ ಕಲ್ಲು ಕಂಡವರು ಪಂಚಾಯಿತಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ, ಅದೇ ಊರಿನಲ್ಲಿ ಎತ್ತಿ ನಿಲ್ಲಿಸುವಂತೆ ಮಾಡಬಹುದು. ವೀರಗಲ್ಲಿನ ಮೂರು ಹಂತದ ಕೆತ್ತನೆಯೇ ಬೇಕು ಎನ್ನುವ ಆಸೆಯಿದ್ದರೆ ಶಿಲ್ಪಿಗೆ ಚಿತ್ರ ಕೊಟ್ಟು ಹೊಸದಾಗಿ ಕೆತ್ತಿಸಿ, ಹೊಸ ಕೆಲಸವೆಂದು ರಸೀದಿಯಲ್ಲಿ ಬರೆಸಿಕೊಳ್ಳಿ.