ಇನ್ನೂರ ಮೂವತ್ತರ ಊರಿಂದ ನೂರಿಪ್ಪತ್ತರ ಊರಿಗೆ

ನಮ್ಮ ಆಡುಮಾತಿನಲ್ಲಿ ‘ಕರೆಂಟು’ ಸರ್ವಾಂತರ್ಯಾಮಿ. ಕರೆಂಟು ಹೋಗುತ್ತದೆ, ಬರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ತಿಂಗಳಿಗೊಮ್ಮೆ ಕರೆಂಟು ಬಿಲ್ಲೂ ಬರುತ್ತದೆ. ಮಾತಿಗೆ ಇಷ್ಟು ಸಾಕು. ಆದರೆ ಊರಿಂದ ಸೀರೆಗಳ ನಡುವೆ ಸುತ್ತಿ ತಂದ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಅಮೆರಿಕದ ಗೋಡೆಗೆ ಸಿಕ್ಕಿಸುವ ಮುನ್ನ ಈ ಒಂದು ಮಾತನ್ನು ನಾಲ್ಕಾಗಿ ಬಿಡಿಸಿ ನೋಡುವುದು ಒಳ್ಳೆಯದು. ಕಥೆ-ಕವಿತೆಯ ಓದುಗರು ಹೆದರಬೇಕಿಲ್ಲ. ಗುಣಾಕಾರ, ಭಾಗಾಕಾರಗಳಾಚೆ ನಾವು ಹೋಗುವುದಿಲ್ಲ.

ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನೀರಿಗೆ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಆ ಒತ್ತಡವೇ ವೋಲ್ಟೇಜ್. ಕೊಳವೆಯಲ್ಲಿ ಹರಿಯುವ ನೀರು ಕರೆಂಟ್. ಅದರ ಅಳತೆ ಆಂಪಿಯರ್. ಕೊಳವೆ ಕಿರಿದಾದಷ್ಟೂ ಹರಿವಿಗೆ ಅಡ್ಡಿ; ಅದು ರೋಧ, ಅಳತೆ ಓಮ್. ವಿರೋಧ, ನಿರೋಧ, ಅವರೋಧಗಳಲ್ಲಿ ಇರುವ ರೋಧವೇ ಇದು. ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸವಾಯಿತು ಎನ್ನುವುದು ಸಾಮರ್ಥ್ಯ, ಅಂದರೆ ವ್ಯಾಟ್. ಮೊದಲ ಎರಡು ಗೊತ್ತಿದ್ದರೆ ಉಳಿದೆರಡನ್ನು ಕಂಡುಹಿಡಿಯಬಹುದು:

ರೋಧ = ವೋಲ್ಟೇಜ್ ÷ ಕರೆಂಟ್
ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

ಮೊದಲನೆಯದು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ ಎಂಬ ಶಾಲಾ ಮೇಷ್ಟರು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ನಿಯಮ. ತಾಯ್ನಾಡು ಅದನ್ನು ತಣ್ಣಗೆ ಬರಮಾಡಿಕೊಂಡಿತು. 1841ರಲ್ಲಿ ಕಾಪ್ಲೆ ಪದಕ ಕೊಟ್ಟು ಗೌರವಿಸಿದ್ದು ಲಂಡನ್ನಿನ ರಾಯಲ್ ಸೊಸೈಟಿ. ಪರದೇಶದಲ್ಲಿ ಬೆಲೆ ಕಂಡವರ ಪಟ್ಟಿಗೆ ಇವರನ್ನೂ ಸೇರಿಸಿಕೊಳ್ಳೋಣ.

ಈಗ ನಮ್ಮ ಸೂಟ್‌ಕೇಸಿಗೆ ಬರೋಣ. ಭಾರತದ ಮನೆಗಳಲ್ಲಿ 230 ವೋಲ್ಟ್, ಇಲ್ಲಿ 120. ಊರಿನ ಇಸ್ತ್ರಿಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದು ಬರೆದಿದೆ ಎನ್ನಿ. 1000ವನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಕರೆಂಟ್ ಸುಮಾರು 4.35 ಆಂಪಿಯರ್. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವೋಲ್ಟೇಜ್ ಊರಿನದು, ರೋಧ ವಸ್ತುವಿನದು. ಸಮುದ್ರ ದಾಟಿದರೂ ಇಸ್ತ್ರಿಪೆಟ್ಟಿಗೆ ತನ್ನ 53 ಓಮನ್ನು ಹೆಚ್ಚುಕಡಿಮೆ ಹಾಗೇ ಹೊತ್ತು ತರುತ್ತದೆ. ಇಲ್ಲಿನ 120ನ್ನು 53ರಿಂದ ಭಾಗಿಸಿದರೆ ಸಿಗುವುದು 2.27 ಆಂಪಿಯರ್. ಅದನ್ನು 120ರಿಂದ ಗುಣಿಸಿದರೆ 272 ವ್ಯಾಟ್. ವೋಲ್ಟೇಜ್ ಅರ್ಧವಾದರೆ ಶಾಖವೂ ಅರ್ಧ ಎಂದುಕೊಳ್ಳುತ್ತೇವೆ, ಆದರೆ ಆದದ್ದು ಕಾಲುಪಾಲು. ಒತ್ತಡದ ಜೊತೆಗೆ ಹರಿವೂ ಅರ್ಧವಾಯಿತಲ್ಲ! ಅರ್ಧದ ಅರ್ಧ ಕಾಲು. ಸೀರೆಯ ಸುಕ್ಕು ಹೋಗುವುದಿಲ್ಲ, ಅಷ್ಟೇ, ಅಪಾಯವೇನಿಲ್ಲ.

ಅಪಾಯವಿರುವುದು ಹಿಂದಿರುಗುವ ದಾರಿಯಲ್ಲಿ. ಇಲ್ಲಿ ಕೊಂಡ 1500 ವ್ಯಾಟಿನ ಕೆಟಲ್ ಎಳೆಯುವುದು 12.5 ಆಂಪಿಯರ್; ಅದರ ರೋಧ 9.6 ಓಮ್. ಪ್ರೀತಿಯಿಂದ ಅಮ್ಮನಿಗೆಂದು ಒಯ್ದು ಊರಿನ 230 ವೋಲ್ಟಿಗೆ ಸಿಕ್ಕಿಸಿದರೆ ಅದು ಎಳೆಯಹೊರಡುವುದು 24 ಆಂಪಿಯರ್, ಅಂದರೆ ಸುಮಾರು 5,500 ವ್ಯಾಟ್! ಊರಿನ ದೊಡ್ಡ ಸಾಕೆಟ್ಟಿನ ಮಿತಿಯೇ 16 ಆಂಪಿಯರ್, ಸಣ್ಣದರದು 6. ಅದೃಷ್ಟವಿದ್ದರೆ ಫ್ಯೂಸ್ ಹಾರುತ್ತದೆ. ಇಲ್ಲವಾದರೆ ಸುಡುವುದು ಕೆಟಲ್ಲೋ ಗೋಡೆಯೊಳಗಿನ ವೈರೋ. ಪಿನ್ನಿನ ಆಕಾರ ಬದಲಿಸುವ ಅಗ್ಗದ ಅಡಾಪ್ಟರನ್ನು ನಂಬಿ ಮೋಸಹೋಗಬೇಡಿ. ಅದು ಬದಲಿಸುವುದು ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ.

ಮಿಕ್ಸಿಯಂಥ ಮೋಟಾರಿನ ವಸ್ತುಗಳಿಗೆ ರೋಧದ ಲೆಕ್ಕ ಇಷ್ಟು ಸರಳವಾಗಿ ಹೊಂದುವುದಿಲ್ಲ. ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಹರಿವನ್ನು ತಡೆಯುತ್ತದೆ. ನಿಂತಲ್ಲಿಂದ ಹೊರಡುವಾಗ ಆ ತಡೆ ಇಲ್ಲದೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆದ್ದರಿಂದ 750 ವ್ಯಾಟಿನ ಮಿಕ್ಸಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಕೊಳ್ಳುವುದಾದರೆ 1500 ವ್ಯಾಟಿನದನ್ನೇ ಕೊಳ್ಳುವುದು ಕ್ಷೇಮ. ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 60 ಆವರ್ತನೆಯನ್ನು ನಮ್ಮೂರಿನ 50 ಆಗಿಸುವುದಿಲ್ಲ ಎಂಬುದೂ ನೆನಪಿರಲಿ. ಮಿಕ್ಸಿಗೆ ಇದರಿಂದ ತೊಂದರೆಯಿಲ್ಲ. ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಮಾತ್ರ ಸುಮಾರು ಐದರಲ್ಲೊಂದು ಪಾಲು ಜೋರಾಗಿ ತಿರುಗೀತು.

ಇನ್ನೊಂದು ಎಚ್ಚರಿಕೆ, ಚಳಿಗಾಲಕ್ಕೆ. ತಂತಿಗೂ ರೋಧವಿದೆ, ಅದರಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ತೆಳುವಾದ ಉದ್ದ ಎಕ್ಸ್‌ಟೆನ್ಷನ್ ವೈರಿನ ರೋಧ ಬರೀ ಅರ್ಧ ಓಮ್ ಎಂದಿಟ್ಟುಕೊಳ್ಳಿ. 1500 ವ್ಯಾಟಿನ ಹೀಟರಿನ 12.5 ಆಂಪಿಯರ್ ಅದರಲ್ಲಿ ಹರಿದರೆ ವೈರಿನಲ್ಲೇ 78 ವ್ಯಾಟ್ ಶಾಖ. ಕಾರ್ಪೆಟ್ಟಿನ ಕೆಳಗೆ ಹಳೇ ಕಾಲದ ಬಲ್ಬೊಂದನ್ನು ಉರಿಸಿಟ್ಟಂತೆ! ಹೀಟರನ್ನು ನೇರವಾಗಿ ಗೋಡೆಗೇ ಸಿಕ್ಕಿಸಿ.

ಅಷ್ಟೇ ಸಾಮರ್ಥ್ಯದ ಹೀಟರ್ ಊರಿನ 230 ವೋಲ್ಟಿನಲ್ಲಿ ಎಳೆಯುವುದು 6.5 ಆಂಪಿಯರ್ ಮಾತ್ರ. ಅದೇ ವೈರಿನಲ್ಲಿ ನಷ್ಟ 21 ವ್ಯಾಟಿಗೆ ಇಳಿಯುತ್ತದೆ. ವೋಲ್ಟೇಜ್ ಏರಿಸಿದರೆ ದಾರಿಯ ನಷ್ಟ ತಗ್ಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದ್ದು ಹತ್ತಾರು ಸಾವಿರ ವೋಲ್ಟುಗಳ ಈ ಉಪಾಯದಿಂದಲೇ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಮುಂದಿನ ಸಲ ಪೆಟ್ಟಿಗೆ ಕಟ್ಟುವಾಗ ವಸ್ತುವನ್ನು ಮಗುಚಿ ತಳದ ಚೀಟಿ ಓದಿ. 100–240 ವೋಲ್ಟ್ ಎಂದಿದ್ದರೆ ಎರಡೂ ಊರಿಗೆ ಸಲ್ಲುತ್ತದೆ; ಫೋನ್ ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ, ಇವಕ್ಕೆ ಪಿನ್ನಿನ ಅಡಾಪ್ಟರ್ ಸಾಕು. ಒಂದೇ ವೋಲ್ಟೇಜ್ ಬರೆದಿದ್ದರೆ ಕಾಗದ, ಪೆನ್ನು ತೆಗೆದುಕೊಂಡು ಮೊದಲು ಲೆಕ್ಕ ಹಾಕಿ, ಆಮೇಲೆ ಸಿಕ್ಕಿಸಿ.