ಗಿಲಕಿ ಕಾಯಿ, ಸಾವಿ ಅನ್ನ

ಮಳೆಗಾಲ ಮುಗಿದ ಮೇಲೆ ಧಾರವಾಡದ ಸುತ್ತಿನ ಹೊಲದ ಬದುಗಳಲ್ಲಿ ಹಳದಿ ಹೂವಿನ ಒಂದು ಗಿಡ ಸಿಗುತ್ತದೆ. ಅದರ ಉಬ್ಬಿದ ಒಣ ಕಾಯಿಯನ್ನು ಕಿವಿಗೆ ಹತ್ತಿರ ಹಿಡಿದು ಅಲುಗಿಸಿದರೆ ಕೂಸಿನ ಗಿಲಕಿಯ ಸದ್ದು. ಬಲಿತ ಬೀಜಗಳು ಸಿಪ್ಪೆಯಿಂದ ಕಳಚಿಕೊಂಡು ಒಳಗೇ ಉರುಳಾಡುತ್ತಿರುತ್ತವೆ. ಕ್ರೊಟಲೇರಿಯಾ ಎಂಬ ಕುಲನಾಮಕ್ಕೂ ಗ್ರೀಕರ ಒಂದು ತಾಳವಾದ್ಯವೇ ಮೂಲ. ಹಸಿರೆಲೆ ಗೊಬ್ಬರಕ್ಕೆ ರೈತರು ಬಿತ್ತುವ ಸೆಣಬು ಇದೇ ಬಳಗದ್ದು.

ಈ ಬಳಗದ ಬೀಜ ಕಾಳಿನ ಜೊತೆ ಒಲೆ ಏರಿದರೆ ಏನಾಗುತ್ತದೆಂದು 1975ರಲ್ಲಿ ಗೊತ್ತಾಯಿತು. ಈಗ ಛತ್ತೀಸಗಡದಲ್ಲಿರುವ, ಆಗ ಮಧ್ಯಪ್ರದೇಶದಲ್ಲಿದ್ದ ಸರ್ಗುಜಾ ಜಿಲ್ಲೆಯ ಹಳ್ಳಿಗರು ತಿನ್ನುತ್ತಿದ್ದ ಗೊಂಡ್ಲಿಯಲ್ಲಿ ಕ್ರೊಟಲೇರಿಯಾ ಬೀಜ ಬೆರೆತಿತ್ತು. ಗೊಂಡ್ಲಿ ಎಂದರೆ ಬೇರೇನಲ್ಲ, ಹುಬ್ಬಳ್ಳಿ-ಧಾರವಾಡದವರ ಸಾವಿ. ಹೊಟ್ಟೆಯಲ್ಲಿ ನೀರು ತುಂಬಿ ಬಂದ 67 ರೋಗಿಗಳಲ್ಲಿ 28 ಮಂದಿ ತೀರಿಕೊಂಡರು. ಅದೇ ಹೊತ್ತಿಗೆ ಅಫ್ಗಾನಿಸ್ತಾನದ ಹೆರಾತ್ ಸೀಮೆಯಲ್ಲಿ ಗೋಧಿಗೆ ಬೆರೆತ ಇನ್ನೊಂದು ಕಳೆಯ ಬೀಜ ಊರೂರುಗಳನ್ನೇ ಮಲಗಿಸಿತ್ತು.

ಎರಡೂ ಕಡೆ ಆರೋಪಿ ಪೈರೊಲಿಜಿಡಿನ್ ಆಲ್ಕಲಾಯ್ಡ್. ಸೋಜಿಗವೆಂದರೆ ಬೀಜದೊಳಗೆ ಇದು ಸಾಕಷ್ಟು ಸಾಧು. ಅದಕ್ಕೆ ಹಲ್ಲು ಮೂಡುವುದು ಯಕೃತ್ತಿನಲ್ಲಿ.

ಹೊರಗಿನಿಂದ ಬಂದ ವಸ್ತುವನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಮೂತ್ರದ ದಾರಿ ಹಿಡಿಸುವುದು ಯಕೃತ್ತಿನ ದಿನದ ಕೆಲಸ. ಇದಕ್ಕೆಂದೇ ಇರುವ ಸಿವೈಪಿ3ಎ4 ಎಂಬ ಕಿಣ್ವ ಈ ಆಲ್ಕಲಾಯ್ಡನ್ನೂ ಎಂದಿನಂತೆ ಉತ್ಕರ್ಷಿಸುತ್ತದೆ. ಆಗ ಹುಟ್ಟುವ ಪೈರೋಲ್ ರೂಪ ಕ್ಷಣಜೀವಿ, ಆದರೆ ಭಾರಿ ಹಸಿವಿನದು. ಪಕ್ಕದಲ್ಲಿ ಪ್ರೋಟೀನ್ ಇದ್ದರೆ ಅದಕ್ಕೆ, ಡಿಎನ್‌ಎ ಇದ್ದರೆ ಅದಕ್ಕೆ ಅಂಟಿಕೊಳ್ಳುತ್ತದೆ. ಜೀವಕೋಶದ ಗ್ಲುಟಾಥಯೋನ್ ಎಂಬ ಅಣು ಒಂದಿಷ್ಟನ್ನು ಹಿಡಿದು ಸಾಗಹಾಕುತ್ತದೆ. ಅದರ ದಾಸ್ತಾನು ಬರಿದಾದರೆ ಪೆಟ್ಟು ಬೀಳುವುದು ಯಕೃತ್ತಿನ ಸೂಕ್ಷ್ಮ ರಕ್ತನಾಳಗಳ ಒಳಪದರಕ್ಕೆ. ಪದರ ಕಿತ್ತುಬಂದು ಸಣ್ಣ ಸಿರೆಗಳು ಮುಚ್ಚಿಕೊಳ್ಳುತ್ತವೆ. ಹೊರಹೋಗಲು ದಾರಿಯಿಲ್ಲದೆ ರಕ್ತ ಒಳಗೇ ಒತ್ತುತ್ತದೆ, ಯಕೃತ್ತು ಊದಿಕೊಳ್ಳುತ್ತದೆ, ನೀರು ಹೊಟ್ಟೆಗೆ ಜಿನುಗುತ್ತದೆ.

ಹೀಗಾಗಿ ಯಾರು ತಿಂದರು ಎಂಬುದೂ ಎಷ್ಟು ತಿಂದರು ಎಂಬಷ್ಟೇ ಮುಖ್ಯ. ಕ್ರೊಟಲೇರಿಯಾದ ಮೊನೊಕ್ರೊಟಲಿನ್ ಎಂಬ ಇಂಥದೇ ಆಲ್ಕಲಾಯ್ಡ್ ಚುಚ್ಚಿದರೆ ಇಲಿಯ ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ. ಪ್ರಯೋಗಾಲಯಗಳು ಆ ರೋಗವನ್ನು ಬೇಕೆಂದೇ ಹೀಗೆ ಬರಿಸಿ ಅಧ್ಯಯನ ಮಾಡುತ್ತವೆ. ಗಿನಿಯಿಲಿಗೆ ಅದು ಅಷ್ಟಾಗಿ ತಟ್ಟದು, ಏಕೆಂದರೆ ವಿಷವಾಗುವ ಮೊದಲೇ ಅಣುವನ್ನು ಕತ್ತರಿಸುವ ಕಿಣ್ವ ಅದರಲ್ಲಿ ಧಾರಾಳವಾಗಿದೆ. ದನಕ್ಕಿಂತ ಕುರಿಯೂ ಹೆಚ್ಚು ತಾಳಿಕೊಳ್ಳುತ್ತದೆ. ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅರ್ಧ ಕೆಲಸ ಮುಗಿಸಿರುತ್ತವೆ. ಒಲೆಯನ್ನು ನಂಬುವಂತಿಲ್ಲ, ಬೇಯಿಸಿದರೂ ಈ ಆಲ್ಕಲಾಯ್ಡ್ ಪೂರ್ತಿ ಹೋಗದು. ಮೊರದಲ್ಲಿ ಕೇರುವಾಗ ಕಣ್ಣಾಡಿಸಿ ಆರಿಸುವುದು, ಅದಕ್ಕಿಂತ ಮೊದಲು ಹೊಲದಲ್ಲೇ ಹೂ ಬಿಡುವ ಮುನ್ನ ಕಳೆ ಕೀಳುವುದು ಹೆಚ್ಚು ಭರವಸೆಯ ದಾರಿ.

ಅದೇ ಬದುವಿಗೆ ನೀಲಿ ಹುಲಿ ಚಿಟ್ಟೆಗಳು ಹಿಂಡುಗಟ್ಟಿ ಬರುತ್ತವೆ. ಗಂಡುಗಳು ಗಿಡದ ಒಣಗಿದ, ಗಾಯವಾದ ಭಾಗಕ್ಕೆ ಸೊಂಡಿಲೊತ್ತಿ ಇದೇ ಆಲ್ಕಲಾಯ್ಡನ್ನು ಹೀರುತ್ತವೆ. ಅವುಗಳ ದೇಹದಲ್ಲೂ ಅದು ರೂಪ ಬದಲಿಸುತ್ತದೆ: ಹೆಣ್ಣನ್ನು ಒಲಿಸುವ ಪರಿಮಳವಾಗಿ.